ಉಮಾಶಂಕರನ ಮೊದಲ ಜೋಡಿ

ಉಮಾಶಂಕರ ಗರಡಿಯ ಬಾಗಿಲನ್ನು ಮೊದಲ ಸಲ ದಾಟಿದ್ದು ಕುಸ್ತಿ ಕಲಿಯುವುದಕ್ಕಲ್ಲ, ಮಣ್ಣು ಇಳಿಸುವುದಕ್ಕೆ. ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಹುಣಸೂರಿನ ಹಳೆಯ ಬೀದಿಯೊಂದರಲ್ಲಿರುವ ಆ ಗರಡಿಗೆ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಬಂದಿತ್ತು. ವರ್ಷಕ್ಕೊಮ್ಮೆ ಅಖಾಡದ ಹಳೆಯ ಮಣ್ಣನ್ನು ತೆಗೆದು ಹೊಸದನ್ನು ತುಂಬುವುದು ಅಲ್ಲಿಯ ವಾಡಿಕೆ. ಟ್ರ್ಯಾಕ್ಟರಿನ ಹಿಂದೆ ಮಣ್ಣಿನ ಮೇಲೆ ಕುಳಿತು ಬಂದ ಇಬ್ಬರು ಕೂಲಿಗಳಲ್ಲಿ ಉಮಾಶಂಕರ ಒಬ್ಬ. ವಯಸ್ಸು ಹತ್ತೊಂಬತ್ತು. ಪಿಯುಸಿಯಲ್ಲಿ ಒಂದು ವಿಷಯ ಉಳಿದುಹೋಗಿತ್ತು. ಎರಡು ವರ್ಷದಿಂದ ಸಿಕ್ಕ ಕೆಲಸ ಮಾಡುತ್ತಿದ್ದ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನು ಎಂಬ ಒಣಗೂಡುಗಳಿಗೆ ಸೌದೆ ಹೊರುವುದು, ಉಳಿದ ಕಾಲದಲ್ಲಿ ಮರಳೋ ಇಟ್ಟಿಗೆಯೋ ಮಣ್ಣೋ, ಯಾವುದಾದರೂ ಸರಿ. ಹುಣಸೂರಿನಿಂದ ಪಿರಿಯಾಪಟ್ಟಣದ ರಸ್ತೆಯಲ್ಲಿ ಎಂಟು ಕಿಲೋಮೀಟರು ಹೋದರೆ ಅವನ ಹಳ್ಳಿ. ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ತಾಯಿ ವಿಮಲಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಕ್ಕನನ್ನು ಹುಣಸೂರಿಗೇ ಕೊಟ್ಟಿತ್ತು.

ಗರಡಿಯ ಉಸ್ತಾದ್ ನಿಂಗಯ್ಯನವರು ಜಗಲಿಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಎಪ್ಪತ್ತು ದಾಟಿದ ಮೈ. ಹೆಗಲು ಮಾತ್ರ ಇನ್ನೂ ಬಾಗಿರಲಿಲ್ಲ. ಮಣ್ಣೆಲ್ಲ ಇಳಿದ ಮೇಲೆ ಅವರು ಉಮಾಶಂಕರನ ಕಡೆ ಮುಖ ತಿರುಗಿಸಿ, "ಲೇ ಮಗ, ಇನ್ನೊಬ್ಬ ಏದುಸಿರು ಬುಡ್ತಾವ್ನೆ. ನಿಂದು ಉಸುರೇ ಏರಿಲ್ವಲ್ಲ, ಏನ್ ತಿಂತೀಯ?" ಎಂದರು.

"ಮುದ್ದೆ, ಉಸ್ತಾದ್ರೆ."

"ಎಲ್ಲಾರೂ ಅದ್ನೇ ತಿನ್ನೋದು. ಮಣ್ಣು ಹಾಕ್ದೋನು ಒಂದ್ಸಲ ಅದರಲ್ಲಿ ಬಿದ್ದು ಹೋಗು. ನಾಳೆ ಬೆಳಿಗ್ಗೆ ಐದೂವರೆಗೆ ಬಾ."

ಬರುತ್ತೇನೆ ಎಂದು ಉಮಾಶಂಕರ ಹೇಳಲಿಲ್ಲ. ಆದರೂ ಮರುದಿನ ಹಾಲಿನ ಗಾಡಿ ಹತ್ತಿ ಬಂದ. ಯಾಕೆ ಬಂದೆನೆಂಬುದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ಎರಡು ವರ್ಷದಲ್ಲಿ ಕೆಲಸ ಹೇಳಿದವರು ಬಹಳ ಮಂದಿ ಇದ್ದರು, ನಿನ್ನಲ್ಲಿ ಇಂಥದೊಂದು ಇದೆ ಎಂದು ಹೇಳಿದವರು ಯಾರೂ ಇರಲಿಲ್ಲ. ಅದೇ ಇರಬೇಕು.

ಮೊದಲ ಮೂರು ವಾರ ಅವನಿಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಸನಿಕೆ ಹಿಡಿದು ಅಖಾಡವನ್ನು ಮೂಲೆಯಿಂದ ಮೂಲೆಗೆ ಅಗೆಯುವುದು, ಹೆಂಟೆ ಒಡೆಯುವುದು, ಅರಿಸಿನ ಎಣ್ಣೆ ಬೆರೆಸಿ ಕಾಲಿನಿಂದ ತುಳಿಯುವುದು, ಆಮೇಲೆ ಹಲಗೆಯಿಂದ ಸಮ ಮಾಡುವುದು. ಅದಾದ ಮೇಲೆ ದಂಡ, ಬಸ್ಕಿ. ಗರಡಿಯಲ್ಲಿ ಆಗ ಉಳಿದಿದ್ದವರೇ ಐದು ಹುಡುಗರು. ಒಂದು ಕಾಲದಲ್ಲಿ ನಲವತ್ತು ಮಂದಿ ಸರದಿಯಲ್ಲಿ ನಿಲ್ಲುತ್ತಿದ್ದರಂತೆ. ಈಗ ಮಣ್ಣು ಅಗೆಯುವುದಕ್ಕೇ ಜನವಿಲ್ಲದೆ, ಹೊಸಬ ಬಂದನೆಂದರೆ ಉಳಿದವರಿಗೆಲ್ಲ ಸೊಂಟಕ್ಕೆ ಬಿಡುವು ಸಿಕ್ಕಿದಂತೆ.

"ಇನ್ನೊಬ್ಬ ಬರೋಗಂಟ ನೀನೇ ನಮ್ ಜೇಸಿಬಿ ಕಣ್ಲಾ," ಎಂದು ನಗುತ್ತಿದ್ದ ಚೇತನ್‌ಕುಮಾರ. ಅವನು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ, ಗರಡಿಗೆ ಬಂದು ಎರಡು ವರ್ಷವಾಗಿತ್ತು. "ನಂದು ಒಂದ್ ವರ್ಸ ಅಗ್ದಿದ್ದು ಆಗದೆ. ನಿಂದೂ ಆಗ್ಲಿ."

ಬೆಳಿಗ್ಗೆ ಗರಡಿ, ಹತ್ತು ಗಂಟೆಯಿಂದ ಸೌದೆಯ ಲಾರಿ, ಸಂಜೆ ಮತ್ತೆ ಗರಡಿ. ಮನೆಗೆ ಬಂದರೆ ಬಟ್ಟಲು ಎತ್ತುವುದಕ್ಕೂ ತೋಳು ಬರುತ್ತಿರಲಿಲ್ಲ. ಒಂದು ಸಂಜೆ ಮುದ್ದೆ ಮುಂದಿಟ್ಟುಕೊಂಡು ತೂಕಡಿಸುತ್ತಿದ್ದ ಮಗನನ್ನು ವಿಮಲಮ್ಮ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೂರು ಮಕ್ಕಳಿಗೆ ಅನ್ನ ಬೇಯಿಸಿ ಬಂದವಳಿಗೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿರುತ್ತಿರಲಿಲ್ಲ.

"ನೋಡು ಮಗ, ನಿಮ್ ಭಾವ ಪ್ಲೈವುಡ್ ಫ್ಯಾಕ್ಟರೀಲಿ ಹೇಳವ್ರೆ. ದಸರಾ ಕಳುದ್ ಸೋಮವಾರದಿಂದ ಬಾ ಅಂದವ್ರೆ."

"ಹೋದ್ರೆ ಗರಡಿ ಬುಡ್ಬೇಕಾಯ್ತದೆ ಕಣವ್ವ. ಮೈ ತಡ್ಯಕ್ಕಿಲ್ಲ, ಎರಡೂನೂವೆ."

"ಅದ್ಕೇ ಹೇಳ್ತಿರೋದು. ದಸರಾಗಂಟ ನಾನು ಕೇಳಾಕಿಲ್ಲ. ದಸರಾದಲ್ಲಿ ಒಂದ್ ಕುಸ್ತಿ ಆಡು. ನಾಲ್ಕು ಜನ ಇವನ ಕೈಲಿ ಆಯ್ತದೆ ಅಂದ್ರೆ ನಿಮ್ ಭಾವನ ಬಾಯಿ ನಾನೇ ಮುಚ್ಚುಸ್ತೀನಿ. ಸೋತ್ಕಂಡು ಬಂದ್ರೆ ಲಂಗೋಟಿ ಮಡುಚಿ ಇಟ್ಬುಡು. ಆಯ್ತಾ?"

"ಆಯ್ತು," ಎಂದ ಉಮಾಶಂಕರ. ಅಲ್ಲಿಗೆ ಅವನ ಪಾಲಿಗೆ ಉಳಿದದ್ದು ಒಂದೇ ಕುಸ್ತಿ.

ಆ ಕುಸ್ತಿ ಕೆ.ಆರ್. ನಗರದಲ್ಲಿ ನವರಾತ್ರಿಯ ಐದನೆಯ ದಿನ ನಡೆಯುವುದಿತ್ತು. ಅದಕ್ಕೆ ಎಂಟು ದಿನ ಮೊದಲು ಜೋಡಿ ಕಟ್ಟುವ ಕೆಲಸ. ನಮ್ಮ ಕಡೆಯ ನಾಡಕುಸ್ತಿಯಲ್ಲಿ ಯಾರಿಗೆ ಯಾರು ಎಂಬುದನ್ನು ಕಾಗದ ನೋಡಿ ತೀರ್ಮಾನಿಸುವುದಿಲ್ಲ. ಸುತ್ತಲ ತಾಲ್ಲೂಕುಗಳ ಗರಡಿಗಳಿಂದ ಹುಡುಗರು ಬರುತ್ತಾರೆ. ಹಿರಿಯ ಉಸ್ತಾದರು ಮೂವರು ಕಟ್ಟೆಯ ಮೇಲೆ ಕುಳಿತು, ಅಂಗಿ ತೆಗೆದು ನಿಂತ ಹುಡುಗರ ಎದೆ, ಕತ್ತು, ತೊಡೆ ನೋಡಿ, ಇವನಿಗೆ ಇವನು ಎಂದು ಹೇಳುತ್ತಾರೆ. ಇಬ್ಬರ ಕೈಯನ್ನೂ ಕೂಡಿಸುತ್ತಾರೆ. ಕೈ ಕೂಡಿಸಿದರೆ ಮುಗಿಯಿತು. ಕಟ್ಟಿದ ಹಿರಿಯರೇ ನಾನು ನೋಡಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಜೋಡಿ ಬಿಚ್ಚಬಹುದು. ಹಾಗೆ ಹೇಳಿದ ಉಸ್ತಾದನನ್ನು ಮತ್ತೆ ಆ ಕಟ್ಟೆಯ ಮೇಲೆ ಯಾರೂ ಕೂರಿಸುವುದಿಲ್ಲ.

ನಿಂಗಯ್ಯನವರು ಇಪ್ಪತ್ತಾರು ವರ್ಷ ಆ ಕಟ್ಟೆಯ ಮೇಲೆ ಕುಳಿತವರು. ಅವರ ಕಣ್ಣೇ ತಕ್ಕಡಿ ಎಂದು ಎಚ್.ಡಿ. ಕೋಟೆ, ಸರಗೂರಿನವರೆಗೂ ಮಾತಿತ್ತು. ಅವರು ಕಟ್ಟಿದ ಜೋಡಿ ಒಂದು ನಿಮಿಷದಲ್ಲಿ ಮುಗಿದ ಉದಾಹರಣೆಯಿಲ್ಲವಂತೆ.

ಉಮಾಶಂಕರನಿಗೆ ಯಾರು ಎಂಬುದನ್ನು ಅವರು ಮೊದಲೇ ಮಾತಾಡಿ ಇಟ್ಟಿದ್ದರು. ಭೇರ್ಯದ ಗರಡಿಯಲ್ಲಿ ಅಣ್ಣತಮ್ಮಂದಿರಿಬ್ಬರು, ಕುಮಾರ ಮತ್ತು ಚಂದು. ಕುಮಾರ ಪಳಗಿದವನು, ಮೈಸೂರಿನಲ್ಲೂ ಆಡಿ ಬಂದವನು. ಚಂದು ಗರಡಿಗೆ ಸೇರಿ ನಾಲ್ಕು ತಿಂಗಳಾದವನು. ಆ ಚಂದುವಿಗೂ ಉಮಾಶಂಕರನಿಗೂ ಜೋಡಿ. ಹೊಸಬನಿಗೆ ಹೊಸಬ.

ಆದರೆ ಆ ದಿನ ಚಂದುವಿಗೆ ಜ್ವರ. ಅವನು ಬಂದೇ ಇರಲಿಲ್ಲ. ಮೈಕು ಹಿಡಿದವನು, "ಭೇರ್ಯದ ಹುಡುಗ ಮುಂದೆ ಬಾರಪ್ಪ," ಎಂದು ಕೂಗಿದ. ತನ್ನ ಸರದಿ ಬಂತೆಂದುಕೊಂಡು ಕುಮಾರ ಎದ್ದು ಬಂದ. ಅಣ್ಣತಮ್ಮಂದಿರದು ಒಂದೇ ಎತ್ತರ, ಒಂದೇ ಬಣ್ಣ. ಮೈಕಿನವನು ಕಟ್ಟೆಯ ಕಡೆ ತಿರುಗಿ, "ಉಸ್ತಾದ್ರೆ, ನಿಮ್ ಹುಡುಗುಂಗೆ ಇವನು. ಆಗ್ಬೋದಾ?" ಎಂದು ಕೇಳಿದ.

ನಿಂಗಯ್ಯನವರು ಕತ್ತು ಸ್ವಲ್ಪ ಮುಂದೆ ಚಾಚಿ ನೋಡಿದರು. "ಆಗ್ಬೋದು. ಮಾತಾಡಿರೋದೇ ಅಲ್ವಾ? ಕೂಡ್ಸಿ ಕೈಯ," ಎಂದರು. ಅವರು ಆಗಬಹುದು ಎಂದ ಮೇಲೆ ಪಕ್ಕದಲ್ಲಿ ಕುಳಿತ ಹಿರಿಯರಿಬ್ಬರೂ ತಲೆಯೆತ್ತಿ ನೋಡಲಿಲ್ಲ.

ಕೈ ಕೂಡಿತು. ಆಗ ಉಮಾಶಂಕರ ಎದುರಿನವನನ್ನು ಹತ್ತಿರದಿಂದ ಕಂಡ. ತಲೆಗೂ ಹೆಗಲಿಗೂ ನಡುವೆ ಕತ್ತೇ ಇಲ್ಲದ ಹಾಗಿತ್ತು. ಎರಡೂ ಕಿವಿ ಮುದುಡಿ ಗಂಟಾಗಿದ್ದವು. ವರ್ಷಗಟ್ಟಲೆ ಮಣ್ಣಿಗೆ ಉಜ್ಜಿದ ಕಿವಿಗಳು ಮಾತ್ರ ಹಾಗಾಗುತ್ತವೆ ಎಂಬುದು ಅಷ್ಟು ಹೊತ್ತಿಗೆ ಅವನಿಗೂ ತಿಳಿದಿತ್ತು.

ಕುಮಾರನಿಗೂ ಅನುಮಾನ ಬಂತು. "ಎಷ್ಟ್ ದಿನ ಆಯ್ತು ಗರಡಿಗೆ ಸೇರಿ?" ಎಂದು ಮೆಲ್ಲಗೆ ಕೇಳಿದ.

"ಮೂರು ತಿಂಗ್ಳು."

ಕುಮಾರ ಕಟ್ಟೆಯ ಕಡೆ ಒಮ್ಮೆ ನೋಡಿ, "ದೊಡ್ಡೋರು ನೋಡೇ ಕಟ್ಟಿರ್ತಾರೆ ಬುಡು," ಎಂದು ಹೊರಟುಹೋದ.

ಯಾಕೆ ಕಟ್ಟಿದರು ಎಂಬುದು ಅರ್ಧ ಗಂಟೆಯ ಮೇಲೆ ತಿಳಿಯಿತು. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಿಂಗಯ್ಯನವರು, ಚೇತನ್‌ಕುಮಾರ, ಉಮಾಶಂಕರ ಮೂವರೂ ಟೀ ಕುಡಿಯುತ್ತಿದ್ದರು. ಉಸ್ತಾದರಿಗೆ ಅಂದು ಮನಸ್ಸು ಹಗುರವಾಗಿತ್ತು. "ಎಳೇ ಹುಡುಗ ಕಣ್ಲಾ ಅವನು. ಕಿವಿ ನೋಡ್ದಾ? ಇನ್ನೂ ಮಣ್ಣೇ ಸೋಕಿಲ್ಲ. ನೀನು ಒಂದ್ ನಾಲ್ಕು ನಿಮಿಷ ಹಿಡುದ್ರೆ ಅವನೇ ಸುಸ್ತಾಯ್ತಾನೆ," ಎಂದರು.

ಉಮಾಶಂಕರನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಚೇತನ್‌ಕುಮಾರ ಉಸ್ತಾದರ ಮುಖವನ್ನು ನೋಡಿದ, ಆಮೇಲೆ ಇವನ ಮುಖವನ್ನು ನೋಡಿದ.

ಹುಣಸೂರಿನಲ್ಲಿ ಇಳಿದು ಉಸ್ತಾದರು ಮನೆಗೆ ಹೋದ ಮೇಲೆ ಚೇತನ್‌ಕುಮಾರ ಬಾಯಿಬಿಟ್ಟ. "ಲೇ, ಅವ್ರಿಗೆ ಕಣ್ಣು ಕಾಣಾಕಿಲ್ಲ ಕಣ್ಲಾ! ನಾನೂ ಎರಡು ವರ್ಸದಿಂದ ಗರಡೀಲಿ ಇವ್ನಿ, ಗೊತ್ತೇ ಆಗಿಲ್ಲ ನೋಡು."

"ಹೆಂಗೆ ಗೊತ್ತಾದಾತು? ಗರಡೀಲಿ ಎಲ್ಲಾನೂ ಕೈಲಿ ಮುಟ್ಟಿ ಹೇಳ್ತಾರೆ. ಕಾಲು ಇಲ್ಲಿಡು, ಸೊಂಟ ಅಲ್ಲಿಡು ಅಂತ."

"ನಾಳೇನೆ ಹೋಗಿ ಕುಸ್ತಿ ಸಂಘದೋರ್ಗೆ ಹೇಳ್ಬುಡು. ಚಂದು ಬದ್ಲು ಕುಮಾರ ಬಂದುಬುಟ್ಟ, ತಪ್ಪಾಗೋಯ್ತು ಅಂತ. ಬದ್ಲಾಯಿಸ್ತಾರೆ."

"ಉಸ್ತಾದ್ರು ನೋಡೇ ಆಗ್ಬೋದು ಅಂದ್ರಲ್ಲ ಅಂತಾರೆ. ಆಗ ಏನ್ ಹೇಳ್ಲಿ?"

ಚೇತನ್‌ಕುಮಾರ ತಲೆ ಕೆರೆದುಕೊಂಡ. "ಅಂಗಾರೆ ಆಡು. ಕುಮಾರ ನಿನ್ನ ರೊಟ್ಟಿ ಮಗುಚಿ ಹಾಕ್ದಂಗೆ ಹಾಕ್ತಾನೆ. ನಾನು ಮೊಬೈಲಲ್ಲಿ ವಿಡಿಯೋ ಮಾಡ್ಕತೀನಿ," ಎಂದ. ಹೇಳಿದ ಮೇಲೆ ಅವನಿಗೇ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಉಮಾಶಂಕರ ಬೇಗನೆ ಬಂದ. ಗರಡಿಯ ಪಕ್ಕದಲ್ಲೇ ಉಸ್ತಾದರ ಮನೆ. ಅವರ ಹೆಂಡತಿ ರಾಚಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ಸುತ್ತು ಬಳಸಿ ಕೇಳುವುದು ಅವನಿಗೆ ಬರುತ್ತಿರಲಿಲ್ಲ. "ಅಮ್ಮ, ಉಸ್ತಾದ್ರಿಗೆ ಕಣ್ಣು ಎಷ್ಟು ದಿವಸದಿಂದ ಹಿಂಗೆ?" ಎಂದು ಕೇಳಿಬಿಟ್ಟ.

ರಾಚಮ್ಮ ಚೊಂಬನ್ನು ಕೆಳಗಿಟ್ಟು ಒಳಗೊಮ್ಮೆ ನೋಡಿದರು. "ಮೆಲ್ಲುಕೆ ಮಾತಾಡು ಮಗ. ಎರಡು ವರ್ಸ ಆಯ್ತು ಪೊರೆ ಬಂದು. ಬಾಗ್ಲು ಕಾಣ್ತದೆ, ಆಳು ಕಾಣ್ತದೆ, ಯಾರು ಅಂತ ಕಾಣಾಕಿಲ್ಲ. ಮೈಸೂರಿಗೆ ಹೋಗಿ ತೆಗಿಸ್ಕಂಡ್ ಬರೋವಾ ಅಂದ್ರೆ ರೇಗ್ತಾರೆ. ಕಣ್ಣಿಗೆ ಬಟ್ಟೆ ಕಟ್ಕಂಡಿರೋದ್ನ ಯಾರಾರ ನೋಡುದ್ರೆ ಮುಂದ್ಲ ಸಲ ಕಟ್ಟೆಗೆ ಕರೀತಾರಾ ಅಂತಾರೆ. ಅದೊಂದಕ್ಕೆ ವರ್ಸೆಲ್ಲ ಕಾಯ್ತಾರೆ ಕಣಪ್ಪ. ಪಂಚೆ ಒಗ್ದು ಇಸ್ತ್ರಿ ಹಾಕ್ಸಿ ಮಡುಗ್ತಾರೆ." ಅಷ್ಟು ಹೇಳಿ, "ಯಾಕೆ, ಏನಾರ ಆಯ್ತಾ?" ಎಂದರು.

"ಏನೂ ಇಲ್ಲ, ಅಮ್ಮ," ಎಂದ ಉಮಾಶಂಕರ.

ಆ ದಿನ ಅಖಾಡ ಅಗೆಯುತ್ತ ಅವನು ಯೋಚನೆ ಮಾಡಿದ. ಹೇಳಿದರೆ ಉಸ್ತಾದರ ಕಟ್ಟೆ ಹೋಗುತ್ತದೆ. ಹೇಳದೆ ಆಡಿದರೆ ತಾನು ಸೋಲುತ್ತೇನೆ, ಗರಡಿ ಹೋಗುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಒಂದು ನಿಮಿಷದಲ್ಲಿ ಕುಮಾರ ತನ್ನನ್ನು ಚಿತ್ ಮಾಡಿದರೆ, ಇದೇನು ಜೋಡಿ, ನಿಂಗಯ್ಯನಿಗೆ ಕಣ್ಣು ಹೋಗಿದೆಯೇ ಎಂದು ಸಾವಿರ ಜನದ ಮಧ್ಯೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಎರಡೂ ಹೋದಂತೆ. ಗೆಲ್ಲುವುದು ತನ್ನಿಂದ ಆಗದ ಮಾತು. ಆಗಬಹುದಾದದ್ದು ಒಂದೇ, ನಿಲ್ಲುವುದು. ಜೋಡಿ ಸರಿಯಾಗಿಯೇ ಇತ್ತು ಎಂದು ಜನಕ್ಕೆ ಅನ್ನಿಸುವಷ್ಟು ಹೊತ್ತು ನಿಲ್ಲುವುದು.

"ಉಸ್ತಾದ್ರೆ, ಬೀಳ್ದಂಗೆ ಇರೋದು ಹೇಳ್ಕೊಡಿ," ಎಂದು ಕೇಳಿದ.

ನಿಂಗಯ್ಯನವರು ನಕ್ಕರು. "ನಿನ್ ವಯಸ್ನೋರು ಗೆಲ್ಲೋದು ಹೇಳ್ಕೊಡಿ ಅಂತ ಪ್ರಾಣ ತಿಂತಾರೆ. ನೀನೇನ್ಲಾ, ಈಗಿಂದ್ಲೇ ಮುದುಕ ಆಗೋದಾ?"

ಆದರೂ ಹೇಳಿಕೊಟ್ಟರು. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ತೊಡೆ ಅಗಲಿಸಿ, ಬೆರಳನ್ನು ಮಣ್ಣಿನೊಳಗೆ ಊರಿ ಮಲಗುವುದು. ಮೇಲಿನವನು ಯಾವ ಕಡೆಗೆ ಮಗುಚಲು ನೋಡುತ್ತಾನೋ ಆ ಕಡೆಯ ಮೊಣಕೈಯನ್ನು ಪಕ್ಕೆಗೆ ಬಿಗಿಯುವುದು. ಬೆನ್ನು ನೆಲ ಮುಟ್ಟುವ ಹಾಗಾದರೆ ಕತ್ತಿನ ಮೇಲೆ ಕಮಾನಾಗಿ ನಿಲ್ಲುವುದು. ಐದು ದಿನ ಚೇತನ್‌ಕುಮಾರ ಅವನ ಬೆನ್ನಿನ ಮೇಲೆ ಕುಳಿತು ಎಳೆದ, ತಿರುಚಿದ, ಬೈದ. ಕತ್ತು ಎಷ್ಟು ನೋಯುತ್ತಿತ್ತೆಂದರೆ ಸೌದೆ ಲಾರಿಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಉಮಾಶಂಕರ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಕುಸ್ತಿಯ ಹಿಂದಿನ ದಿನ ತಾಯಿ ಬಿಸಿ ನೀರಿನ ಬಟ್ಟೆ ಹಾಕಿದಳು. "ಇದು ಬೇಕಾಗಿತ್ತಾ ನಿಂಗೆ?" ಎಂದಷ್ಟೇ ಕೇಳಿದಳು.

ಕೆ.ಆರ್. ನಗರದ ಶಾಲಾ ಮೈದಾನದಲ್ಲಿ ಸಂಜೆ ನಾಲ್ಕು ಗಂಟೆಗೆ ಅವರ ಜೋಡಿಯನ್ನು ಕರೆದರು. ಹತ್ತು ನಿಮಿಷದ ಕುಸ್ತಿ. ಕಟ್ಟೆಯ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಿಂಗಯ್ಯನವರು ಇಸ್ತ್ರಿ ಮಾಡಿದ ಪಂಚೆಯುಟ್ಟು ನೆಟ್ಟಗೆ ಕುಳಿತಿದ್ದರು. ಉಮಾಶಂಕರ ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡ.

ಮೊದಲ ಹಿಡಿತದಲ್ಲೇ ಅವನಿಗೆ ಕುಮಾರನ ತೂಕ ತಿಳಿಯಿತು. ಕತ್ತಿನ ಮೇಲೆ ಬಿದ್ದ ಕೈ ಸೌದೆಯ ತೊಲೆಯಂತಿತ್ತು. ಎರಡೇ ಉಸಿರಿನಲ್ಲಿ ಅವನು ಬೋರಲು ಬಿದ್ದಿದ್ದ. ಬಿದ್ದವನು ಕಲಿತದ್ದನ್ನು ಮಾಡಿದ. ಹೊಟ್ಟೆ ಒತ್ತಿದ, ಬೆರಳು ಊರಿದ, ಹಲ್ಲು ಕಚ್ಚಿದ. ಕುಮಾರ ಬಲಕ್ಕೆ ಎಳೆದ, ಬರಲಿಲ್ಲ. ಎಡಕ್ಕೆ ಎಳೆದ, ಬರಲಿಲ್ಲ. ಸೊಂಟಕ್ಕೆ ಕೈ ಹಾಕಿ ಎತ್ತಲು ನೋಡಿದ, ಉಮಾಶಂಕರ ಮಣ್ಣಿನ ಹೆಂಟೆಯಂತೆ ನೆಲಕ್ಕೆ ಅಂಟಿಕೊಂಡ.

"ಏ, ಮಲಗ್ಬುಟ್ನಲ್ಲಪ್ಪೋ! ಹೊದ್ಕೊಳ್ಳಾಕೆ ಕಂಬ್ಳಿ ಕೊಡ್ರೋ!" ಎಂದು ಯಾರೋ ಕೂಗಿದರು. ಜನ ನಕ್ಕಿತು.

ಎರಡು ನಿಮಿಷವಾಯಿತು, ಮೂರಾಯಿತು. ನಗು ಕಡಿಮೆಯಾಯಿತು. ಐದನೆಯ ನಿಮಿಷದಲ್ಲಿ ಕುಮಾರ ಉಸಿರು ತೆಗೆದುಕೊಳ್ಳಲು ಹಿಡಿತ ಸಡಿಲಿಸಿದಾಗ ಉಮಾಶಂಕರ ಜಾರಿಕೊಂಡು ಎದ್ದು ನಿಂತ. ಆಗ ಚಪ್ಪಾಳೆ ಬಿತ್ತು. ಕಂಬಳಿ ಕೇಳಿದವನೇ, "ಬುಡ್ಬ್ಯಾಡ ಕಣೋ ಹುಣಸೂರು!" ಎಂದು ಕೂಗಿದ. ಮತ್ತೆ ಹಿಡಿದರು, ಮತ್ತೆ ಬಿದ್ದ, ಮತ್ತೆ ಎದ್ದ. ಕಣ್ಣಿಗೆ ಮಣ್ಣು, ಬಾಯಿಗೆ ಮಣ್ಣು. ತೋಳು ತನ್ನದೋ ಎದುರಿನವನದೋ ತಿಳಿಯುತ್ತಿರಲಿಲ್ಲ.

ಎಂಟನೆಯ ನಿಮಿಷದಲ್ಲಿ ಕುಮಾರ ಹಿಂದಿಟ್ಟ ಕಾಲು ಸ್ವಲ್ಪ ಜಾರಿತು. ಒಂದು ಗೇಣು, ಅಷ್ಟೇ. ಉಮಾಶಂಕರನ ಕಣ್ಣಿಗೆ ಅದು ಬಿತ್ತು. ಉಸ್ತಾದರ ಹೆಸರು, ನಿಲ್ಲಬೇಕೆಂಬ ಲೆಕ್ಕ, ಎಲ್ಲವೂ ಆ ಕ್ಷಣಕ್ಕೆ ಮರೆತುಹೋಯಿತು. ಗೆಲ್ಲಬಹುದು ಎನ್ನಿಸಿತು. ತಾಯಿಯ ಮುಂದೆ ಹೋಗಿ ಗೆದ್ದೆ ಎನ್ನಬಹುದು. ನುಗ್ಗಿ ಆ ಕಾಲಿಗೆ ಕೈ ಹಾಕಿದ. ಕುಮಾರ ಅದನ್ನೇ ಕಾಯುತ್ತಿದ್ದವನಂತೆ ಅವನ ತೋಳನ್ನು ಬಗಲಲ್ಲಿ ಸಿಕ್ಕಿಸಿಕೊಂಡು ತಿರುಗಿದ. ಆಕಾಶ ಕಂಡಿತು. ಬೆನ್ನಿಗೆ ಮಣ್ಣು ತಣ್ಣಗೆ ತಾಕಿತು. ತೀರ್ಪುಗಾರ ಸೀಟಿ ಊದಿದ.

ಸೋತವನಿಗೇ ಹೆಚ್ಚು ಚಪ್ಪಾಳೆ ಬಂತು. "ಜೋಡಿ ಅಂದ್ರೆ ಇದು ಕಣ್ರಪ್ಪ! ನಿಂಗಯ್ಯ ಕಟ್ಟಿದ್ದು ಅಂದ್ರೆ ಸುಮ್ನಾ?" ಎಂದು ಮುಂದಿನ ಸಾಲಿನಲ್ಲಿ ಒಬ್ಬರು ಗಟ್ಟಿಯಾಗಿ ಹೇಳಿದರು. ಕುಮಾರ ಅವನ ಕೈ ಹಿಡಿದು ಎಬ್ಬಿಸಿ, "ಮೂರು ತಿಂಗ್ಳಾ? ಸುಳ್ಳು ಹೇಳ್ಬ್ಯಾಡ. ಕೊನೇಲಿ ಯಾಕ್ಲಾ ಆಸೆ ಬಿದ್ದೆ? ಇನ್ನೆರಡು ನಿಮಿಷ ಮಲಗಿದ್ರೆ ಸಮ ಆಗ್ತಿತ್ತು," ಎಂದ.

ಗೆದ್ದವನು ಎದುರಾಳಿಯ ಉಸ್ತಾದರ ಕಾಲಿಗೆ ಬೀಳುವುದು ಪದ್ಧತಿ. ಕುಮಾರ ಹೋಗಿ ನಿಂಗಯ್ಯನವರ ಕಾಲು ಮುಟ್ಟಿದ. ಅವರು ಸಂತೋಷದಿಂದ ಬಗ್ಗಿ ಎರಡೂ ಕೈಗಳಿಂದ ಅವನ ತಲೆ ಸವರಿದರು. ಕೈ ಕಿವಿಗಳ ಮೇಲೆ ಬಂದಾಗ ಹಾಗೆಯೇ ನಿಂತಿತು. ಬೆರಳುಗಳು ಆ ಗಂಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದವು.

"ಯಾವ ಮಗ ನೀನು?"

"ದೊಡ್ಡೋನು, ಉಸ್ತಾದ್ರೆ. ಕುಮಾರ."

"ಎಷ್ಟ್ ವರ್ಸದಿಂದ ಆಡ್ತಿದ್ದೀಯ?"

"ಆರು ವರ್ಸ ಆಯ್ತು."

"ಒಳ್ಳೇದಾಗ್ಲಿ," ಎಂದರು ನಿಂಗಯ್ಯನವರು. ಅವರ ಮುಖದಲ್ಲಿದ್ದ ನಗು ಮಾಯವಾಗಿತ್ತು.

ಬಸ್ಸಿನಲ್ಲಿ ಚೇತನ್‌ಕುಮಾರನಿಗೆ ಹಿಂದೆ ಸೀಟು ಸಿಕ್ಕಿತು. ಉಸ್ತಾದರ ಪಕ್ಕದಲ್ಲಿ ಉಮಾಶಂಕರ ಕುಳಿತ. ಚುಂಚನಕಟ್ಟೆಯ ಕಡೆಯ ಗದ್ದೆಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವನ ಪಕ್ಕೆ ಚುಳುಕ್ಕೆನ್ನುತ್ತಿತ್ತು.

"ನಿಂಗೆ ಗೊತ್ತಿತ್ತು," ಎಂದರು ನಿಂಗಯ್ಯನವರು.

"ಹ್ಞೂ."

"ಯಾವತ್ತಿಂದ?"

"ಟೀ ಅಂಗಡೀಲಿ. ನೀವು ಅವನ ಕಿವಿ ವಿಚಾರ ಮಾತಾಡ್ದಾಗ."

"ಯಾಕ್ಲಾ ಹೇಳ್ನಿಲ್ಲ?"

"ಕೈ ಕೂಡ್ಸಿ ಆಗಿತ್ತಲ್ಲ, ಉಸ್ತಾದ್ರೆ."

ಮುದುಕರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಆಮೇಲೆ ದನಿ ತಗ್ಗಿಸಿ ಬೈಯಲು ಶುರುಮಾಡಿದರು. "ನನ್ ಮರ್ಯಾದೆ ಉಳಿಸೋಕೆ ಹೋಗಿ ನೀನು ಕತ್ತು ಮುರ್ಕಂಡಿದ್ರೆ ನಿಮ್ಮವ್ವುಂಗೆ ನಾನೇನ್ ಹೇಳ್ತಿದ್ದೆ? ಎಂಟು ನಿಮಿಷ ನಿಂತೆ ಅಂತ ದೊಡ್ಡ ಕೆಲ್ಸ ಮಾಡ್ದೆ ಅನ್ಕಂಡಿದ್ದೀಯಾ? ಇವತ್ತು ನೀನು ನಿಂತೆ. ಎಲ್ಲಾರೂ ಒಳ್ಳೇ ಜೋಡಿ ಅಂದ್ರು. ಮುಂದ್ಲ ವರ್ಸಾನೂ ನನ್ನೇ ಕೂರಿಸ್ತಾರೆ. ಆಗ ಇನ್ನೊಬ್ಬರ ಮಗನ್ನ ಹಿಂಗೇ ಕಟ್ತೀನಿ. ಅವನಿಗೆ ನಿನ್ನಷ್ಟು ಕತ್ತು ಇಲ್ದಿದ್ರೆ?"

ಉಮಾಶಂಕರನಿಗೆ ಅದು ಹೊಳೆದೇ ಇರಲಿಲ್ಲ. ಎಂಟು ದಿನ ಅಷ್ಟು ಯೋಚನೆ ಮಾಡಿದವನಿಗೆ ಇಷ್ಟು ಸುಲಭವಾದ ಮಾತು ತೋಚಿರಲಿಲ್ಲ. "ತಪ್ಪಾಯ್ತು," ಎಂದ.

"ನಿಂದಲ್ಲ," ಎಂದು ಹೇಳಿ ಅವರು ಕಣ್ಣು ಮುಚ್ಚಿಕೊಂಡರು. ಹುಣಸೂರು ಬರುವವರೆಗೂ ತೆರೆಯಲಿಲ್ಲ.

ಸೋತ ಸುದ್ದಿಯನ್ನು ವಿಮಲಮ್ಮ ಕೇಳಿ ತಿಳಿಯಬೇಕಾಗಿರಲಿಲ್ಲ. ಚೇತನ್‌ಕುಮಾರನ ವಿಡಿಯೋ ಅಕ್ಕನ ಮೊಬೈಲಿನ ಮೂಲಕ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಉಮಾಶಂಕರ ಲಂಗೋಟಿಯನ್ನು ಒಗೆದು, ಒಣಗಿಸಿ, ಮಡಚಿ ಪೆಟ್ಟಿಗೆಯಲ್ಲಿಟ್ಟ. ಗರಡಿಗೆ ಹೋಗಲಿಲ್ಲ. ಆಡಿದ ಮಾತು ಆಡಿದ ಮಾತೇ.

ವಿಜಯದಶಮಿ ಕಳೆದ ಮರುದಿನ ಮಧ್ಯಾಹ್ನ ನಿಂಗಯ್ಯನವರು ಒಬ್ಬರೇ ಹುಡುಕಿಕೊಂಡು ಬಂದರು. ಹೇಗೆ ಬಂದರೋ. ಪಂಚೆಯ ಅಂಚಿಗೆ ಕೆಸರು ಮೆತ್ತಿತ್ತು. ಮೂರು ಮನೆಯ ಬಾಗಿಲಲ್ಲಿ ವಿಮಲಮ್ಮನ ಮನೆ ಯಾವುದು ಎಂದು ಕೇಳಿದ್ದರಂತೆ. ಅವರು ನಿಂತು ಕೇಳಿದ ಮೂರನೆಯ ಮನೆಯೇ ಅವಳದು.

"ಬನ್ನಿ ಅಣ್ಣ, ಕುಂತ್ಕಳಿ," ಎಂದು ವಿಮಲಮ್ಮ ಚಾಪೆ ಹಾಸಿದಳು.

ಅವರು ಕುಳಿತು, ನೀರು ಕುಡಿದು, ಪೀಠಿಕೆಯಿಲ್ಲದೆ ಮಾತಿಗೆ ಬಂದರು. "ತಾಯಿ, ನಿನ್ ಮಗನ್ನ ನಾನು ತಪ್ಪಾಗಿ ಕಟ್ಟಿದೆ. ಹೊಸಬುಂಗೆ ಆರು ವರ್ಸದೋನ್ನ ಕಟ್ಟಿದೆ. ನಂಗೆ ಕಣ್ಣು ಕಾಣಾಕಿಲ್ಲ. ಸಂಘದೋರ್ಗೂ ನಿನ್ನೆ ಹೇಳ್ಬುಟ್ಟು ಬಂದೆ, ಇನ್ ಮೇಲೆ ಕಟ್ಟೆಗೆ ಕರೀಬ್ಯಾಡಿ ಅಂತ."

ಬಾಗಿಲಲ್ಲಿ ನಿಂತಿದ್ದ ಉಮಾಶಂಕರ ತಲೆ ತಗ್ಗಿಸಿದ. ತಾನು ಎಂಟು ನಿಮಿಷ ಮಣ್ಣು ಕಚ್ಚಿ ಉಳಿಸಿದ ಕಟ್ಟೆಯನ್ನು ಅವರು ಒಂದು ಮಾತಿನಲ್ಲಿ ಬಿಟ್ಟುಬಂದಿದ್ದರು.

"ಅದ್ಕೇ ಕೇಳೋಕೆ ಬಂದೆ. ಇದು ಲೆಕ್ಕಕ್ಕಿಲ್ಲ. ಅವನಿಗೆ ಇನ್ನೊಂದು ವರ್ಸ ಕೊಡು."

ವಿಮಲಮ್ಮ ಗೋಡೆಗೊರಗಿ ಕುಳಿತಿದ್ದಳು. ರಜೆಯ ದಿನವಾದ್ದರಿಂದ ಅವಳ ಕೈಗೆ ಬಿಡುವಿತ್ತು, ಮುಖಕ್ಕೆ ಮಾತ್ರ ಇರಲಿಲ್ಲ. "ಅಣ್ಣ, ವಿಡಿಯೋ ನಾನೂ ನೋಡ್ದೆ. ಅಷ್ಟ್ ಹೊತ್ತು ಯಾಕೆ ಮಲಗವ್ನೆ, ಎದ್ದು ಬರ್ಬಾರ್ದಾ ಅಂತ ಇತ್ತು ನಂಗೆ. ನೀವು ಹೇಳೋದು ಸರಿನೇ. ಆದ್ರೆ ನನ್ ಕೈಲೂ ಆಗಾಕಿಲ್ಲ. ನನ್ ಮೊಣಕಾಲು ಬಿದ್ದೋಗವೆ. ಫ್ಯಾಕ್ಟರಿಗೆ ಹೋಗ್ಲೇಬೇಕು ಅವನು."

ನಿಂಗಯ್ಯನವರು ತಲೆಯಾಡಿಸಿದರು. ಮತ್ತೆ ಕೇಳಲು ಅವರಲ್ಲೂ ಬಲವಿರಲಿಲ್ಲ.

ಆಮೇಲೆ ಅವಳೇ ಹೇಳಿದಳು. "ಒಂಬತ್ತು ಗಂಟೆಗಂತೆ ಕೆಲ್ಸ. ಅದಕ್ಕೆ ಮುಂಚೆ ಅವನು ಏನ್ ಮಾಡ್ಕತಾನೋ ಅವನಿಗೆ ಬಿಟ್ಟಿದ್ದು. ಸಂಜೆ ಬ್ಯಾಡ, ಬೆಳಿಗ್ಗೆ ಮಾತ್ರ. ಎಬ್ಬುಸು ಅಂತ ನನ್ನ ಕೇಳ್ಬಾರ್ದು. ಮೈ ತಡೀದಿದ್ರೆ ಅವತ್ತೇ ಬುಟ್ಬುಡಲಿ."

"ತಡೀತೀಯೇನ್ಲಾ?" ಎಂದು ನಿಂಗಯ್ಯನವರು ಬಾಗಿಲಿನ ಕಡೆ ಕೇಳಿದರು.

ಎರಡನ್ನೂ ಮೈ ತಡೆಯುವುದಿಲ್ಲ ಎಂದು ತಾಯಿಗೆ ಹೇಳಿದ್ದವನು ತಾನೇ. ಈಗಲೂ ಅದು ಸುಳ್ಳಾಗಿರಲಿಲ್ಲ. "ಗೊತ್ತಿಲ್ಲ ಉಸ್ತಾದ್ರೆ. ನೋಡ್ತೀನಿ," ಎಂದ.

"ಅಷ್ಟು ಸಾಕು."

ಅವರು ಏಳಲು ನೆಲಕ್ಕೆ ಕೈಯೂರಿದಾಗ ಉಮಾಶಂಕರ ಹೋಗಿ ಮೊಣಕೈ ಹಿಡಿದ. ಅವರು ಕೊಡವಿಕೊಳ್ಳಲಿಲ್ಲ. ಇಬ್ಬರೂ ನಿಧಾನವಾಗಿ ನಡೆದು ರಸ್ತೆಗೆ ಬಂದು, ನಿಲ್ದಾಣದ ಕಲ್ಲುಬೆಂಚಿನ ಮುಂದೆ ನಿಂತರು. ಬಿಸಿಲಿತ್ತು. ದೂರದಲ್ಲಿ ಒಂದು ಬಸ್ಸಿನ ಸದ್ದಾಯಿತು.

"ಯಾವ ಬಸ್ಸಪ್ಪಾ ಅದು?" ಎಂದು ನಿಂಗಯ್ಯನವರು ಕೇಳಿದರು. ಅಂಥ ಮಾತನ್ನು ಅವರು ಯಾರನ್ನಾದರೂ ಕೇಳಿದ್ದನ್ನು ಉಮಾಶಂಕರ ಕಂಡಿರಲಿಲ್ಲ.

"ಮಡಿಕೇರಿಗೆ ಹೋಗೋದು, ಉಸ್ತಾದ್ರೆ. ನಮ್ಮದಲ್ಲ."

"ಅಂಗಾರೆ ಕುಂತ್ಕೋ," ಎಂದು ಅವರು ಬೆಂಚನ್ನು ಕೈಯಿಂದ ಮುಟ್ಟಿ ನೋಡಿ ಕುಳಿತರು. ಉಮಾಶಂಕರನೂ ಪಕ್ಕದಲ್ಲಿ ಕುಳಿತ.